ಬರೋಣದ ದಿನಾಂಕ ಬೇಡ, ದಿನಚರಿ ಬೇಕು

ಮಾನ್ಯ ಸಂಪಾದಕರೇ,

ನವೆಂಬರ್ ತಿಂಗಳು ಮುಗಿಯುವ ಹೊತ್ತಿಗೆ ಚರ್ಚುಗಳಲ್ಲಿ ಆಗಮನ ಕಾಲ ಶುರುವಾಗುತ್ತದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಅವಧಿ ವರ್ಷಕ್ಕೆ ತಕ್ಕಂತೆ 22ರಿಂದ 28 ದಿನ ಇರುತ್ತದೆ. ಗೋದಲಿ ಕಟ್ಟುವುದು, ನಕ್ಷತ್ರ ತೂಗುಹಾಕುವುದು, ಕರಾವಳಿಯಲ್ಲಾದರೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡುವುದು, ಇದೇ ಆಗಮನ ಕಾಲ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಕಥೋಲಿಕ ಪೂಜಾವಿಧಿಯನ್ನು ತೆರೆದು ನೋಡಿದರೆ ಡಿಸೆಂಬರ್ 16ರವರೆಗಿನ ದಿನಗಳ ಒತ್ತು ಮುಖ್ಯವಾಗಿ ಕ್ರಿಸ್ತನ ಎರಡನೇ ಬರೋಣದ ಮೇಲಿದೆ. 17ರಿಂದಾಚೆಗೆ ಅದು ಬೆತ್ಲೆಹೇಮಿನ ಕಡೆ ಹೊರಳುತ್ತದೆ. ಸಿದ್ಧರಾಗಿರಿ, ಎಚ್ಚರವಾಗಿರಿ ಎಂಬ ಮಾತು ಪೀಠದಿಂದ ಅತಿ ಹೆಚ್ಚು ಕೇಳಿಬರುವ ವಾರಗಳು ಇವು.

ಇದೇ ವಾರಗಳಲ್ಲಿ ಪ್ರಾರ್ಥನಾ ಕೂಟಗಳ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಬಗೆಯ ಎಚ್ಚರಿಕೆಯೂ ಹರಿದಾಡುತ್ತದೆ. ಇಂಥ ತಿಂಗಳ ಇಂಥ ತಾರೀಖು ಸಭೆ ಎತ್ತಲ್ಪಡುತ್ತದೆ, ಅಂದರೆ ಕ್ರಿಸ್ತ ಬಂದು ನಂಬಿದವರನ್ನು ಆಕಾಶಕ್ಕೆ ಎತ್ತಿಕೊಳ್ಳುತ್ತಾನೆ, ಇದನ್ನು ಹತ್ತು ಜನರಿಗೆ ಕಳಿಸಿ ಎಂಬ ಸಂದೇಶ. 2025ರ ಸೆಪ್ಟೆಂಬರ್ 23 ಮತ್ತು 24ನ್ನು ಹೀಗೆಯೇ ಗೊತ್ತು ಮಾಡಿ ಜಗತ್ತಿನಾದ್ಯಂತ ವಿಡಿಯೋಗಳು ಓಡಾಡಿದವು. ಎರಡು ದಿನವೂ ಬಂದವು, ಹೋದವು. ನಂಬಿದವರು ಸುಮ್ಮನಾದರು. ಮುಂದಿನ ತಾರೀಖು ಬರುವ ಮೊದಲು ಸಿದ್ಧತೆ ಎಂದರೆ ಏನು ಎಂಬುದನ್ನು ನೇರವಾಗಿ ಬರೆಯಬೇಕೆನಿಸಿ ಈ ಪತ್ರ.

ಸಿದ್ಧರಾಗಿರಿ ಎಂದ ಯೇಸುವೇ ಆ ದಿನ ಯಾರಿಗೂ ತಿಳಿಯದು ಎಂದೂ ಹೇಳಿದ್ದಾನೆ. ಎರಡೂ ಮಾತು ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲೇ ಇವೆ: 36ನೇ ವಚನ ಒಂದು, 44ನೇ ವಚನ ಇನ್ನೊಂದು. ದೇವದೂತರಿಗೂ ತಿಳಿಯದ್ದನ್ನು ಲೆಕ್ಕ ಹಾಕಿ ಕಂಡುಹಿಡಿಯುವುದು ಸಿದ್ಧತೆಯ ಭಾಗ ಆಗಲಾರದು. ಉಳಿಯುವುದು ಇವತ್ತಿನ ದಿನ. ಇವತ್ತು ಬೆಳಗ್ಗೆ ಎದ್ದದ್ದು ಹೇಗೆ, ಯಾರಿಗೆ ಏನು ಬಾಕಿ ಉಳಿಸಿಕೊಂಡೆವು, ರಾತ್ರಿ ಯಾವ ಮನಸ್ಸಿನಲ್ಲಿ ಮಲಗಿದೆವು, ಇಷ್ಟೇ.

ಲೆಕ್ಕ ಹಾಕುವ ಚಟ ಅವಿದ್ಯಾವಂತರದ್ದು ಎಂದು ಯಾರೂ ಭಾವಿಸಬೇಕಿಲ್ಲ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ 18ನೇ ಶತಮಾನದ ಬಹುದೊಡ್ಡ ಬೈಬಲ್ ವಿದ್ವಾಂಸ. ಹೊಸ ಒಡಂಬಡಿಕೆಯ ಗ್ರೀಕ್ ಪಾಠಗಳನ್ನು ಒಂದಕ್ಕೊಂದು ತಾಳೆ ನೋಡಿದವನು. ಅಂಥವನೇ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟಣೆ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು 1836 ಎಂಬ ವರ್ಷಕ್ಕೆ ಬಂದು ನಿಂತ. ಅವನ ಸೀಮೆಯ ಭಕ್ತ ಕುಟುಂಬಗಳು ಆ ವರ್ಷವನ್ನು ಕಾದವು. ಅದೇ ಸೀಮೆಯಲ್ಲಿ, ಅದೇ ಭಕ್ತಿಯ ಗಾಳಿಯಲ್ಲಿ ಬೆಳೆದ ಹರ್ಮನ್ ಮೊಗ್ಲಿಂಗ್ ಅದೇ 1836ರಲ್ಲಿ ಬಾಸೆಲ್ ಮಿಶನ್ನಿನ ಕೆಲಸಕ್ಕೆ ಮಂಗಳೂರಿಗೆ ಬಂದಿಳಿದ. ಕನ್ನಡ ಕಲಿತ, ಶಾಲೆ ನಡೆಸಿದ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ. ಕನ್ನಡದ ಪತ್ರಿಕೆಗಳ ವಂಶ ಅಲ್ಲಿಂದ ಶುರು. ಅದರ ಮರುವರ್ಷ, 1844ರ ಅಕ್ಟೋಬರ್ 22ರಂದು, ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು ಸಾವಿರಾರು ಮಂದಿ ಅಂದು ಕ್ರಿಸ್ತ ಬರುತ್ತಾನೆಂದು ಆಕಾಶ ನೋಡುತ್ತ ಕುಳಿತಿದ್ದರು. ಕೆಲವು ರೈತರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಒಬ್ಬನೇ ಕರ್ತನನ್ನು ಕಾಯುತ್ತಿದ್ದ ಎರಡು ಬಗೆಯ ಜನ ಇವರು. ಯಾರ ಕಾಯುವಿಕೆ ಹಸನಾದದ್ದು ಎಂಬುದಕ್ಕೆ ಈ ನಾಡಿನವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಲೆಕ್ಕ ತಪ್ಪಿದಾಗ ಆಗುವ ನಷ್ಟವೂ ಸಣ್ಣದಲ್ಲ. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ಕ್ಕೆ ಎಲ್ಲ ಮುಗಿಯುತ್ತದೆಂದು ನಂಬಿ ಜನ ಕೆಲಸ ಬಿಟ್ಟರು, ಆಸ್ತಿ ಮಾರಿ ಕೊಟ್ಟರು. ಆ ಪಂಗಡದ ಮುಖ್ಯಸ್ಥ ವಂಚನೆಯ ಪ್ರಕರಣದಲ್ಲಿ ಜೈಲು ಸೇರಿದ. ಅವನ ಬಳಿ 1993ರಲ್ಲಿ ಹಣ ಕೈಸೇರುವ ಬಾಂಡುಗಳಿದ್ದವು. 2011ರ ಮೇ 21 ಎಂದು ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಸಾರಿದಾಗಲೂ ಉಳಿತಾಯವನ್ನೆಲ್ಲ ಜಾಹೀರಾತಿಗೆ ಸುರಿದವರಿದ್ದರು. ಹಣಕ್ಕಿಂತ ಕೆಟ್ಟ ನಷ್ಟ ಇನ್ನೊಂದಿದೆ. ಹಾಗೆ ಒಮ್ಮೆ ಮೋಸಹೋದವರು ಮುಂದೆ ‘ಎಚ್ಚರವಾಗಿರಿ’ ಎಂಬ ಸುವಾರ್ತೆಯ ಮಾತಿಗೇ ಕಿವಿ ಮುಚ್ಚಿಕೊಳ್ಳುತ್ತಾರೆ.

ಈ ರೋಗ ಸಭೆಯಷ್ಟೇ ಹಳೆಯದು. ಥೆಸಲೋನಿಕದಲ್ಲಿ ಕೆಲವರು ಕೆಲಸ ಬಿಟ್ಟು ಪರರ ವಿಷಯದಲ್ಲಿ ತಲೆಹಾಕುತ್ತಿದ್ದರು. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡದಿರಲಿ ಎಂದು ಅಪೊಸ್ತಲ ಪೌಲ ಅವರಿಗೆ ಬರೆದ. ಅವನು ಸ್ವತಃ ಗುಡಾರ ಹೊಲಿದು ಬದುಕುತ್ತಿದ್ದವನು. ಬರೋಣದ ಬಗ್ಗೆ ಅತಿ ಹೆಚ್ಚು ಬರೆದಿರುವ, ಥೆಸಲೋನಿಕದವರಿಗೆ ಕಳಿಸಿದ ಎರಡು ಪತ್ರಗಳಲ್ಲೇ ಸ್ವಂತ ಕೈಯಿಂದ ದುಡಿಯಿರಿ ಎಂಬ ಬುದ್ಧಿಮಾತೂ ಇದೆ. ಇದನ್ನು ಬೋಧಕರು ಜೋಡಿಸಿ ಹೇಳುವುದು ಕಡಿಮೆ.

ಹಾಗಾದರೆ ಯೇಸು ಸಿದ್ಧತೆ ಎಂದದ್ದು ಯಾವುದನ್ನು? ಮತ್ತಾಯನ 24ನೇ ಅಧ್ಯಾಯದ ಕೊನೆಯಿಂದ 25ರ ಕೊನೆಯವರೆಗೆ ಒಂದೇ ಬೀಸಿನಲ್ಲಿ ಓದಿದರೆ ಉತ್ತರ ಅಲ್ಲೇ ಸಿಗುತ್ತದೆ. ಅಧ್ಯಾಯ ಬದಲಾಯಿತೆಂದು ನಡುವೆ ನಿಲ್ಲಿಸಬಾರದು. ಮೊದಲು, ಯಜಮಾನ ಊರಲ್ಲಿಲ್ಲದಾಗ ಜೊತೆಯ ಆಳುಗಳಿಗೆ ಹೊತ್ತುಹೊತ್ತಿಗೆ ಊಟ ಕೊಟ್ಟ ಮನೆವಾರ್ತೆಯವನು. ಆಮೇಲೆ ದೀಪ ಹಿಡಿದು ಮದಲಿಂಗನನ್ನು ಎದುರುಗೊಳ್ಳಲು ಹೊರಟ ಹತ್ತು ಮಂದಿ ಕನ್ಯೆಯರು, ಐವರು ಬುದ್ಧಿವಂತೆಯರು, ಐವರು ಬುದ್ಧಿಯಿಲ್ಲದವರು. ಆಮೇಲೆ ಯಜಮಾನ ಆಳುಗಳ ಕೈಗೆ ಒಪ್ಪಿಸಿ ಹೋದ ತಲಾಂತು ಎಂಬ ಹಣ. ಕೊನೆಗೆ ಹಸಿದವರಿಗೆ ಉಣಿಸಿದವರು, ಉಣಿಸದವರು. ನಾಲ್ಕರಲ್ಲಿ ಒಂದರಲ್ಲೂ ದಿನಾಂಕ ಊಹಿಸಿದವನಿಗೆ ಬಹುಮಾನ ಇಲ್ಲ.

ಕನ್ಯೆಯರ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಓದುಗರ ಕಣ್ಣು ತಪ್ಪಿಸಿಕೊಳ್ಳುವ ವಚನ 25ನೇ ಅಧ್ಯಾಯದ ಐದನೆಯದು. ಮದಲಿಂಗ ತಡ ಮಾಡಿದಾಗ ಎಲ್ಲರೂ ತೂಕಡಿಸಿ ಮಲಗಿಬಿಟ್ಟರು. ಬುದ್ಧಿವಂತೆಯರೂ ಮಲಗಿದರು. ಅದಕ್ಕೆ ಅವರನ್ನು ಯಾರೂ ಬೈಯುವುದಿಲ್ಲ. ನಿದ್ದೆಗೆಟ್ಟು ಭಯದಲ್ಲಿ ಕೂರುವುದನ್ನು ಕರ್ತನು ಕೇಳಿಲ್ಲ. ಬುದ್ಧಿಯಿಲ್ಲದವರು ಎಡವಿದ್ದು ಮಲಗುವುದಕ್ಕೆ ಎಷ್ಟೋ ಮೊದಲು, ಮನೆಯಿಂದ ಹೊರಡುವಾಗ. ಇವತ್ತೇ, ಬೇಗನೆ ಬಂದುಬಿಡುತ್ತಾನೆ ಎಂಬ ಲೆಕ್ಕದಲ್ಲಿ ಅವರು ಹೆಚ್ಚಿನ ಎಣ್ಣೆ ಒಯ್ಯಲಿಲ್ಲ. ತಡವಾದರೂ ಸಾಕಾಗುವಷ್ಟು ಇಟ್ಟುಕೊಂಡವರೇ ಸಿದ್ಧರು. ಆ ಎಣ್ಣೆಯನ್ನು ಕಡೆ ಗಳಿಗೆಯಲ್ಲಿ ಪಕ್ಕದವರಿಂದ ಕಡ ತರಲು ಆಗುವುದಿಲ್ಲ ಎಂಬುದು ಸಾಮ್ಯದ ಕಠಿಣ ಭಾಗ. ಅಮ್ಮನ ಜಪಮಾಲೆ ಮಗನ ಲೆಕ್ಕಕ್ಕೆ ಬರುವುದಿಲ್ಲ, ಹೆಂಡತಿಯ ಉಪವಾಸ ಗಂಡನ ಲೆಕ್ಕಕ್ಕೆ ಬರುವುದಿಲ್ಲ.

ತಲಾಂತಿನ ಮೊತ್ತವನ್ನೂ ತಿಳಿದಿರಬೇಕು. ಒಂದು ತಲಾಂತು ಸುಮಾರು 6,000 ದಿನಾರ. ಒಂದು ದಿನಾರ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಅತಿ ಕಡಿಮೆ ಪಡೆದ ಆಳಿನ ಕೈಯಲ್ಲೂ ಸುಮಾರು ಇಪ್ಪತ್ತು ವರ್ಷದ ದುಡಿಮೆಯಷ್ಟು ಹಣ ಇತ್ತು. ನನಗೇನೂ ಕೊಟ್ಟಿಲ್ಲ ಎಂದು ಹೇಳುವ ಹಕ್ಕು ಅವನಿಗಿರಲಿಲ್ಲ. ಅವನು ಕದಿಯಲಿಲ್ಲ, ಕುಡಿದು ಹಾಳು ಮಾಡಲಿಲ್ಲ, ಹೆದರಿ ನೆಲದಲ್ಲಿ ಹೂತಿಟ್ಟ, ಅಷ್ಟೇ. ಭಯದಿಂದ ಹುಟ್ಟಿದ ಭಕ್ತಿ ಹೆಚ್ಚಾಗಿ ಹೀಗೆಯೇ ಕೊನೆಗೊಳ್ಳುತ್ತದೆ.

ಇನ್ನು ದಿನಚರಿಗೆ ಬರೋಣ.

ಬೆಳಗ್ಗೆ ಎದ್ದ ಕೂಡಲೇ ಫೋನ್ ಹಿಡಿಯುವ ಮುಂಚೆ ಒಂದೆರಡು ನಿಮಿಷ ಸಾಕು. ಶಿಲುಬೆಯ ಗುರುತು ಹಾಕುವವರು ಹಾಕಲಿ, ಹಾಕದವರು ಮೊಣಕಾಲೂರಲಿ. ಈ ದಿನ ನಿನ್ನದು, ಇವತ್ತು ನೀನು ಕರೆದರೂ ಬರುತ್ತೇನೆ, ಇವತ್ತು ಎದುರಾಗುವವರಲ್ಲಿ ನಿನ್ನನ್ನು ಕಾಣಿಸು ಎಂಬಷ್ಟು ಅರ್ಥದ ಮಾತು ಸ್ವಂತ ಬಾಯಿಯಿಂದ ಬರಬೇಕು. ಮೊದಲ ಶತಮಾನದ ಕೊನೆಯ ಸುಮಾರಿನ ‘ದಿದಖೆ’ ಎಂಬ ಸಭಾ ಕೈಪಿಡಿ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಲು ಕಲಿಸಿದೆ. ಇಷ್ಟು ಹಳೆಯ, ಇಷ್ಟು ಸುಲಭದ ನಿಯಮ ಮತ್ತೊಂದಿಲ್ಲ: ಎದ್ದಾಗ, ಮಧ್ಯಾಹ್ನ ಊಟಕ್ಕೆ ಮುನ್ನ, ಮಲಗುವ ಮುನ್ನ. ಮೊದಲ ವಾರದ ಹುಮ್ಮಸ್ಸಿನಲ್ಲಿ ನಾಲ್ಕು ಗಂಟೆಗೆ ಎದ್ದು ಒಂದು ತಾಸು ಪ್ರಾರ್ಥಿಸುತ್ತೇನೆಂದು ಹೊರಟವರಲ್ಲಿ ಬಹುಪಾಲು ಜನ ಮೂರನೇ ವಾರಕ್ಕೆ ಪೂರ್ತಿ ಬಿಟ್ಟಿರುತ್ತಾರೆ. ಹತ್ತು ನಿಮಿಷದಿಂದ ಶುರು ಮಾಡಿ, ಒಂದು ತಿಂಗಳು ತಪ್ಪದೆ ನಡೆದ ಮೇಲೆ ಐದು ನಿಮಿಷ ಸೇರಿಸುವುದು ಲೇಸು. ರಾತ್ರಿ ಪಾಳಿಯ ದಾದಿಯರು, ಕಾವಲುಗಾರರು, ಚಾಲಕರು ಇದನ್ನು ಗಡಿಯಾರಕ್ಕೆ ಕಟ್ಟಿಹಾಕಬೇಕಿಲ್ಲ. ಅವರು ಎದ್ದಾಗ ಬೆಳಗು, ಮಲಗುವಾಗ ರಾತ್ರಿ.

ವಾಕ್ಯದ ಓದಿನಲ್ಲಿ ಎಲ್ಲರೂ ಸೋಲುವ ಜಾಗ ಒಂದೇ. ಜನವರಿ 1ಕ್ಕೆ ಆದಿಕಾಂಡದಿಂದ ಹೊರಟು ಫೆಬ್ರವರಿಯಲ್ಲಿ ಯಾಜಕಕಾಂಡದ ಬಲಿವಿಧಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ, ಅಲ್ಲಿಗೆ ಪುಸ್ತಕ ಕಪಾಟು ಸೇರುತ್ತದೆ. ಹೊಸಬರು ಮಾರ್ಕನಿಂದ ಶುರು ಮಾಡಲಿ, ಬರೀ 16 ಅಧ್ಯಾಯ. ಹೊಸ ಒಡಂಬಡಿಕೆಯಲ್ಲಿ ಒಟ್ಟು 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ ದಿನಕ್ಕೊಂದರಂತೆ ಓದಿದರೆ ಸರಿಯಾಗಿ 52 ವಾರಕ್ಕೆ ಮುಗಿಯುತ್ತದೆ, ಶನಿವಾರ ಭಾನುವಾರ ತಪ್ಪಿದ್ದನ್ನು ತುಂಬಿಕೊಳ್ಳಲು ಉಳಿಯುತ್ತವೆ. ಲೂಕನಲ್ಲಿ 24 ಅಧ್ಯಾಯ ಇರುವುದರಿಂದ ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ. ಓದಿ ಮುಗಿಸಿದ ಮೇಲೆ ಒಂದೇ ಒಂದು ವಚನವನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರೆ ಒಳ್ಳೆಯದು. ಬೆಂಗಳೂರಿನ ಬಸ್ಸಿನಲ್ಲಿ ಎರಡು ತಾಸು ಕಳೆಯುವವರು ಆಡಿಯೋ ಬೈಬಲ್ ಕೇಳುವುದು ತಪ್ಪಲ್ಲ. ಆದರೆ ನಾಲ್ಕೈದು ಅಧ್ಯಾಯ ಕೇಳಿ ಇಳಿಯುವಾಗ ಒಂದು ಮಾತೂ ನೆನಪಿರದಿದ್ದರೆ, ಒಂದೇ ಅಧ್ಯಾಯವನ್ನು ಎರಡು ಸಲ ಕೇಳುವುದು ಉತ್ತಮ.

ಹಗಲಿನ ಬಗ್ಗೆ ಒಂದೇ ಮಾತು: ಬಾಕಿ ಉಳಿಸಬೇಡಿ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ. ತಡೆಹಿಡಿದ ಕೂಲಿ ದೇವರ ಕಿವಿಯಲ್ಲಿ ಕೂಗುತ್ತದೆ ಎಂದು ಯಾಕೋಬನ ಪತ್ರದ 5ನೇ ಅಧ್ಯಾಯ. ಮನೆಗೆಲಸದ ಅಕ್ಕನ ಸಂಬಳ, ಗಾರೆಯವನ ಬಟವಾಡೆ, ಅಂಗಡಿಯ ಉದ್ದರಿ, ಬಾಡಿಗೆದಾರರಿಗೆ ಮರಳಿಸಬೇಕಾದ ಮುಂಗಡ, ಇವನ್ನೆಲ್ಲ ತಿಂಗಳುಗಟ್ಟಲೆ ಮುಂದೂಡುತ್ತ ‘ಮಾರನಾಥ, ಕರ್ತನೇ ಬಾ’ ಎಂದು ಕೈಯೆತ್ತಿ ಹಾಡುವವರು ಯಾರನ್ನು ಕರೆಯುತ್ತಿದ್ದೇವೆಂದು ಯೋಚಿಸಿದಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಬರೆಯಬೇಕಾದದ್ದು ರಾತ್ರಿಯ ಆತ್ಮಪರೀಕ್ಷೆಯ ಬಗ್ಗೆ. ಇದು ಕಥೋಲಿಕರಿಗೆ ಮಾತ್ರ ಸೇರಿದ್ದಲ್ಲ. ‘ದೇವರೇ, ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ’ ಎಂಬ 139ನೇ ಕೀರ್ತನೆ ಎಲ್ಲ ಸಭೆಗಳದ್ದೂ ಹೌದು. ಕ್ರಮವನ್ನು ಚೊಕ್ಕವಾಗಿ ಬರೆದಿಟ್ಟವನು 16ನೇ ಶತಮಾನದ ಸ್ಪೇನಿನ ಲೊಯೋಲದ ಇಗ್ನೇಷಿಯಸ್. ಅವನದು ಐದು ಹೆಜ್ಜೆ. ಮೊದಲು ಈ ದಿನ ಸಿಕ್ಕ ಒಳಿತುಗಳಿಗೆ ಕೃತಜ್ಞತೆ. ಎರಡನೆಯದು, ನನ್ನ ತಪ್ಪನ್ನು ಕಾಣುವ ಬೆಳಕು ಕೊಡು ಎಂಬ ಬೇಡಿಕೆ. ಮೂರನೆಯದು ಎದ್ದ ಗಳಿಗೆಯಿಂದ ಈ ಗಳಿಗೆಯವರೆಗೆ ತಾಸು ತಾಸಾಗಿ ಯೋಚನೆ, ಮಾತು, ಕೆಲಸಗಳನ್ನು ನೋಡುವುದು. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ನಾಳೆ ತಿದ್ದಿಕೊಳ್ಳುವ ನಿರ್ಧಾರ. ಹತ್ತರಿಂದ ಹದಿನೈದು ನಿಮಿಷದ ಕೆಲಸ.

ಇದು ಕೆಡುವುದು ಮೂರು ಕಡೆ. ಒಂದು, ಮೊದಲೆರಡು ಹೆಜ್ಜೆ ಹಾರಿಸಿ ನೇರವಾಗಿ ಮೂರನೆಯದಕ್ಕೆ ಹೋಗುವುದು. ಕೃತಜ್ಞತೆಯಿಲ್ಲದೆ ತಪ್ಪು ಎಣಿಸಲು ಕುಳಿತವನು ಒಂದೋ ತನ್ನನ್ನೇ ಬೈದುಕೊಳ್ಳುತ್ತಾನೆ, ಇಲ್ಲವೇ ತನ್ನ ಪರ ವಾದಿಸುತ್ತಾನೆ. ಎರಡು, ಹಾಸಿಗೆಯಲ್ಲಿ ಮಲಗಿ ಮಾಡುವುದು. ಎರಡನೇ ಹೆಜ್ಜೆಗೇ ನಿದ್ದೆ ಬರುತ್ತದೆ. ಊಟಕ್ಕೆ ಮೊದಲೇ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಮುಗಿಸುವುದು ವಾಸಿ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ತೇಲಿಸಿ ಹೇಳುವುದು. ‘ಕರ್ತನೇ, ನಾನು ಪಾಪಿ, ಇವತ್ತು ಸಿಟ್ಟು ಬಂತು’ ಎಂದರೆ ನಾಳೆ ಏನನ್ನೂ ತಿದ್ದಲಾಗದು. ‘ಮಧ್ಯಾಹ್ನ ಅಟೆಂಡರ್ ತಪ್ಪು ಫೈಲು ತಂದಾಗ ನಾಲ್ಕು ಜನರ ಮುಂದೆ ಅವನ ಓದನ್ನು ಹಂಗಿಸಿದೆ, ಅವನು ತಲೆ ತಗ್ಗಿಸಿ ಹೊರಗೆ ಹೋದ’ ಎಂದರೆ ಹೊತ್ತು, ವ್ಯಕ್ತಿ, ಮಾತು ಎಲ್ಲ ಅದರಲ್ಲಿದೆ. ನಾಳೆ ಹತ್ತು ಗಂಟೆಗೆ ಯಾರ ಬಳಿ ಹೋಗಿ ಏನು ಹೇಳಬೇಕು ಎಂಬುದೂ ಅದರಲ್ಲೇ ಇದೆ.

ಇಗ್ನೇಷಿಯಸ್ ಕಲಿಸಿದ ಇನ್ನೊಂದು ವಿಧಾನ ಈಗ ಬಹುತೇಕ ಮರೆತುಹೋಗಿದೆ. ಎಲ್ಲ ತಪ್ಪುಗಳನ್ನು ಒಟ್ಟಿಗೆ ಹಿಡಿಯದೆ ಒಂದನ್ನೇ ಆರಿಸಿಕೊಳ್ಳಬೇಕು. ಚಾಡಿ ಆಗಬಹುದು, ಸುಳ್ಳು ಆಗಬಹುದು, ಮಕ್ಕಳ ಮೇಲೆ ರೇಗುವುದು ಆಗಬಹುದು. ಒಂದು ಹಾಳೆಯಲ್ಲಿ ವಾರದ ಏಳು ದಿನಕ್ಕೆ ಏಳು ಜೊತೆ ಗೆರೆ ಎಳೆಯಿರಿ. ಜೊತೆಯ ಮೇಲಿನ ಗೆರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗಿನದು, ಕೆಳಗಿನದು ಅಲ್ಲಿಂದ ರಾತ್ರಿಯವರೆಗಿನದು. ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕಿ. ಬಿದ್ದ ಗಳಿಗೆಯಲ್ಲೇ ಎದೆಯ ಮೇಲೆ ಕೈಯಿಟ್ಟು ಒಳಗೇ ಮರುಗಬೇಕು. ಜನರ ನಡುವೆಯೂ ಯಾರ ಗಮನಕ್ಕೂ ಬಾರದಂತೆ ಇದನ್ನು ಮಾಡಬಹುದೆಂದು ಅವನೇ ಬರೆದಿದ್ದಾನೆ. ರಾತ್ರಿ ಎರಡು ಗೆರೆಯನ್ನು ಹೋಲಿಸುವುದು, ಇವತ್ತನ್ನು ನಿನ್ನೆಯೊಂದಿಗೆ, ಈ ವಾರವನ್ನು ಕಳೆದ ವಾರದೊಂದಿಗೆ. ಮೊದಲ ವಾರ ಚುಕ್ಕಿ ಹೆಚ್ಚಾದರೆ ಗಾಬರಿ ಬೇಡ. ತಪ್ಪು ಹೆಚ್ಚಿದ್ದಲ್ಲ, ಕಣ್ಣಿಗೆ ಬೀಳತೊಡಗಿದೆ. ಚುಕ್ಕಿಗಳು ಮಧ್ಯಾಹ್ನದ ಮೇಲೆಯೇ ಗುಂಪಾಗಿದ್ದರೆ ಕಾರಣ ಹಸಿವೋ ದಣಿವೋ ಇರಬಹುದು, ಅಥವಾ ಆ ಹೊತ್ತಿಗೆ ಸೇರುವ ಒಂದು ನಿರ್ದಿಷ್ಟ ಸಂಗವೋ. ಅದನ್ನು ಹಿಡಿದರೆ ಅರ್ಧ ಕೆಲಸ ಆದಂತೆ.

ಮುಂದಿನದು ರಾಜಿ. ಹೊತ್ತು ಮುಳುಗುವ ಮುಂಚೆ ನಿಮ್ಮ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಎಂದು ಯೇಸು ಹೇಳಿದ್ದಾನೆ. ಗಮನಿಸಿ, ನನಗೆ ಅವನ ಮೇಲೆ ಇದ್ದರೆ ಎಂದಲ್ಲ, ಅವನಿಗೆ ನನ್ನ ಮೇಲೆ ಇದ್ದರೆ. ಕ್ಷಮೆ ಕೇಳುವಾಗ ಮಾಡಿದ್ದನ್ನು ಹೆಸರಿಸಿ ಹೇಳಬೇಕು. ‘ನಿಮಗೆ ಬೇಸರ ಆಗಿದ್ದರೆ ಕ್ಷಮಿಸಿ’ ಎಂಬುದು ಕ್ಷಮೆಯಲ್ಲ. ‘ಆದರೆ ನೀವೂ ಅವತ್ತು...’ ಎಂದು ಬಾಯಿಗೆ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಹಣದ ವಿಷಯವಾದರೆ ಹಣ ಹಿಂತಿರುಗಬೇಕು. ಮೋಶೆಯ ಧರ್ಮಶಾಸ್ತ್ರದಲ್ಲಿ ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕಿತ್ತು, ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ಮೋಸಹೋದವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ, ಅವರೂ ಸಿಗದಿದ್ದರೆ ಬಡವರಿಗೆ. ಎದುರಿನವರು ತಕ್ಷಣ ಕ್ಷಮಿಸಲೇಬೇಕೆಂದು ಒತ್ತಾಯಿಸಬಾರದು, ಅದು ಅವರ ಮತ್ತು ದೇವರ ನಡುವಿನ ಮಾತು. ರಾತ್ರಿ ಹನ್ನೊಂದಕ್ಕೆ ಇಬ್ಬರೂ ಕುದಿಯುತ್ತಿದ್ದರೆ ಅದೇ ರಾತ್ರಿ ತೀರ್ಮಾನ ಆಗಬೇಕೆಂಬ ಹಟವೂ ಬೇಡ. ‘ನಾಳೆ ಮಾತಾಡೋಣ, ನಿನ್ನ ಮೇಲೆ ದ್ವೇಷ ಇಟ್ಟುಕೊಂಡು ಮಲಗುವುದಿಲ್ಲ’ ಎಂದರೆ ವಚನದ ಆಶಯ ನೆರವೇರಿತು.

ಇಲ್ಲಿ ಸಭೆಯ ಹಿರಿಯರಿಗೆ, ಧರ್ಮಕೇಂದ್ರದ ಗುರುಗಳಿಗೆ ಒಂದು ಬಿಚ್ಚುಮಾತು. ಗಂಡನಿಂದ ಪೆಟ್ಟು ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ‘ಕರ್ತನು ಬರುವ ಕಾಲ, ಕ್ಷಮಿಸಿ ಮನೆಗೆ ಹೋಗಮ್ಮ’ ಎಂದು ಹೇಳಿ ಕಳಿಸುವುದು ರಾಜಿ ಅಲ್ಲ. ಕ್ಷಮೆ ಮನಸ್ಸಿನ ಮಾತು. ಮನೆಗೆ ಮರಳುವುದು ಸುರಕ್ಷತೆಯ ಮಾತು. ಎರಡನ್ನೂ ಬೇರೆ ಬೇರೆಯಾಗಿಯೇ ತೂಗಬೇಕು.

ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯ ಸಂಸ್ಕಾರ ಇರುವವರು ವರ್ಷಕ್ಕೊಮ್ಮೆ ಪಾಸ್ಕದ (ಈಸ್ಟರ್) ಹೊತ್ತಿಗೆ ಉದ್ದ ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಮುಗಿಸುವುದಕ್ಕಿಂತ ತಿಂಗಳಿಗೊಮ್ಮೆ ಹೋಗುವುದು ಎಷ್ಟೋ ಮೇಲು. ವರ್ಷಕ್ಕೊಮ್ಮೆ ಎಂಬುದು ಗಂಭೀರ ಪಾಪಗಳ ಬಗ್ಗೆ ಸಭೆ ಇಟ್ಟ ಕನಿಷ್ಠ ಗೆರೆ ಮಾತ್ರ. ಆ ಸಂಸ್ಕಾರ ಇಲ್ಲದ ಸಭೆಗಳಲ್ಲಿ ಒಬ್ಬರಿಗೊಬ್ಬರು ತಪ್ಪುಗಳನ್ನು ಅರಿಕೆಮಾಡಿಕೊಳ್ಳಿ ಎಂಬ ಯಾಕೋಬನ ಮಾತನ್ನು ಪಾಲಿಸಬಹುದು. ಗುಟ್ಟು ಕಾಯುವ ಒಬ್ಬ ಹಿರಿಯರನ್ನು ಆರಿಸಿಕೊಳ್ಳಬೇಕು. ಪ್ರಾರ್ಥನಾ ಕೂಟದ ನಡುವೆ ಎಲ್ಲರೆದುರು ಹೇಳುವುದು ಬೇಡ, ಮಾರನೆಯ ದಿನ ಊರಿಗೆಲ್ಲ ಗೊತ್ತಾಗಿರುತ್ತದೆ.

ಆತ್ಮಪರೀಕ್ಷೆ ಕೆಲವರಲ್ಲಿ ಕಾಯಿಲೆಯಾಗಿ ತಿರುಗುವುದುಂಟು. ಅದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸುವುದು, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿತೆಂದು ಮೊದಲಿನಿಂದ ಶುರು ಮಾಡುವುದು, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ರಾತ್ರಿಯೆಲ್ಲ ಒದ್ದಾಡುವುದು ಇದರ ಲಕ್ಷಣ. ಇಂಥವರು ಒಬ್ಬರೇ ಗುರುವಿನ ಮಾತಿಗೆ ಕಟ್ಟುಬಿದ್ದು, ಅವರು ಸಾಕು ಎಂದ ಕಡೆ ನಿಲ್ಲಿಸಬೇಕೆಂಬುದು ಹಳೆಯ ಆತ್ಮಿಕ ಗುರುಗಳ ಬುದ್ಧಿಮಾತು. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇದನ್ನು ‘ದೆವ್ವ ಬಿಡಿಸುವ’ ಕೂಟಕ್ಕೆ ಒಯ್ಯುವುದರಿಂದ ಕೆಡುಕೇ ಹೆಚ್ಚು.

ಮಕ್ಕಳ ಮುಂದೆ ಎತ್ತಲ್ಪಡುವ ದಿನದ ಭೀಕರ ವಿಡಿಯೋಗಳನ್ನು ಹಾಕಬಾರದು. ಶಾಲೆಯಿಂದ ಬಂದಾಗ ಮನೆಯಲ್ಲಿ ಅಮ್ಮ ಕಾಣದಿದ್ದರೆ ‘ನನ್ನನ್ನು ಬಿಟ್ಟು ಹೋದರು’ ಎಂದು ಅಳುವ ಮಗುವಿಗೆ ಕಲಿಸಿದ್ದು ಭಕ್ತಿಯಲ್ಲ. ಅವರಿಗೆ ಕುಟುಂಬ ಪ್ರಾರ್ಥನೆ ಸಾಕು. ಒಂದು ಹಾಡಿನ ಎರಡು ಚರಣ, ಎಂಟು ಹತ್ತು ವಚನ, ಮನೆಯ ಪ್ರತಿಯೊಬ್ಬರಿಂದ ಒಂದೊಂದು ವಾಕ್ಯದ ಪ್ರಾರ್ಥನೆ, ಕರ್ತನ ಪ್ರಾರ್ಥನೆ. ಹನ್ನೆರಡು ನಿಮಿಷ ದಾಟಿದರೆ ಚಿಕ್ಕವರ ಮನಸ್ಸು ಬೇರೆ ಕಡೆ ಹೋಗಿರುತ್ತದೆ, ಅಪ್ಪ ಅದನ್ನು ಬೈಗುಳದಿಂದ ಸರಿಪಡಿಸಲು ಹೋಗುತ್ತಾನೆ, ಅಲ್ಲಿಗೆ ಪ್ರಾರ್ಥನೆ ಮುಗಿದಂತೆಯೇ.

ಕೊನೆಯದಾಗಿ, ಆತ್ಮಿಕ ಸಿದ್ಧತೆಯ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ವಿಷಯ. ಯೆಹೂದದ ಅರಸ ಹಿಜ್ಕೀಯನು ಕಾಯಿಲೆ ಬಿದ್ದಾಗ ಪ್ರವಾದಿ ಯೆಶಾಯ ಬಂದು ಹೇಳಿದ್ದು, ನಿನ್ನ ಮನೆಯ ವ್ಯವಸ್ಥೆ ಮಾಡಿಕೋ ಎಂದು. ಕ್ರೈಸ್ತರ ಆಸ್ತಿ ಹಂಚಿಕೆ ನಡೆಯುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ಉಯಿಲು ಬರೆಯದೆ ಗಂಡ ತೀರಿಹೋದರೆ ಎಲ್ಲವೂ ಹೆಂಡತಿಗೆ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಮಕ್ಕಳಿದ್ದರೆ ಅವಳಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಯಾದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಆ ಉಯಿಲಿನಲ್ಲಿ ಏನಾದರೂ ಬರೆದಿದ್ದರೆ ಅದು ಅವರಿಗೆ ದಕ್ಕುವುದಿಲ್ಲ. ಅದಕ್ಕೇ ಮಗಳನ್ನು, ಅಳಿಯನನ್ನು ಸಾಕ್ಷಿ ಹಾಕಿಸಬಾರದು. ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಾದ ಕೂಡಲೇ ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಉಯಿಲು ಮೂಲಕ ಆಸ್ತಿ ಬಿಡುವುದಕ್ಕೆ ತೊಡಕಾಗಿದ್ದ 118ನೇ ಕಲಮನ್ನು ಸುಪ್ರೀಂ ಕೋರ್ಟ್ 2003ರಲ್ಲೇ ಹೊಡೆದುಹಾಕಿದೆ. ಇದು ಇನ್ನೂ ಎಷ್ಟೋ ಮಂದಿಗೆ ತಿಳಿದಿಲ್ಲ.

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಫಾದರನ್ನೋ ಪಾಸ್ಟರನ್ನೋ ಮಾತು ಇರುವಾಗಲೇ ಕರೆಸಬೇಕು. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಕೊನೆಯುಸಿರಿನವರಿಗೆ ಮಾತ್ರ ಎಂಬ ಹಳೆಯ ಭಯದಿಂದ, ಕರೆಸಿದರೆ ರೋಗಿ ಹೆದರಿಕೊಂಡಾರು ಎಂದು ಮನೆಯವರು ತಡ ಮಾಡುತ್ತಾರೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದು ಪ್ರಾಣ ಹೋಗುವವರಿಗಷ್ಟೇ ಮೀಸಲಲ್ಲ ಎಂದು ಸ್ಪಷ್ಟಪಡಿಸಿದೆ. ವೆಂಟಿಲೇಟರ್ ಹಾಕಿದ ಮೇಲೆ ಕರೆದರೆ ರೋಗಿ ತಪ್ಪೊಪ್ಪಿಕೊಳ್ಳಲಾರ, ಪರಮಪ್ರಸಾದ ಸ್ವೀಕರಿಸಲಾರ, ಮಗನ ಕೈ ಹಿಡಿದು ಒಂದು ಮಾತು ಹೇಳಲಾರ.

ಆದ್ದರಿಂದ ನಾಡಿನ ಚರ್ಚುಗಳಲ್ಲಿ ನನ್ನದೊಂದು ಕೋರಿಕೆ. ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಒಂದನ್ನು ಇದಕ್ಕಾಗಿ ಎತ್ತಿಡಿ. ಆರಾಧನೆ ಅಥವಾ ಬಲಿಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಮೂರು ಮೇಜು ಹಾಕಿಸಿ. ಒಂದರ ಬಳಿ ಉಯಿಲಿನ ನಮೂನೆ ವಿವರಿಸಿ, ಸಾಕ್ಷಿ ಸಹಿ ಹಾಕಲು ಸಿದ್ಧರಿರುವ ಸಭೆಯ ಇಬ್ಬರು ವಕೀಲರು ಇರಲಿ. ಇನ್ನೊಂದರಲ್ಲಿ ಹಾಸಿಗೆ ಹಿಡಿದವರ, ಜೈಲಿನಲ್ಲಿರುವವರ ಮನೆಯವರು ಹೆಸರು ಬರೆಸಲಿ, ಯಾವ ವಾರ ಯಾರು ಭೇಟಿಗೆ ಹೋಗುತ್ತಾರೆಂದು ಅಲ್ಲೇ ನಿಗದಿಯಾಗಲಿ. ಮೂರನೆಯದರಲ್ಲಿ ಏಳು ಜೊತೆ ಗೆರೆ ಎಳೆದ ಹಾಳೆಗಳನ್ನಿಡಿ, ಬೇಕಾದವರು ಮನೆಗೆ ಒಯ್ಯಲಿ. ದಿನಾಂಕ ಹೊತ್ತ ಸಂದೇಶ ಗುಂಪಿಗೆ ಬಂದಾಗ ಗುಂಪಿನ ಅಡ್ಮಿನ್ ಆದವರು ಅದನ್ನು ಅಳಿಸಿ, ಅದರ ಜಾಗದಲ್ಲಿ ಮತ್ತಾಯ 24:36ನ್ನು ಹಾಕಿ, ಆ ವಾರ ಭೇಟಿಯಾಗಬೇಕಾದ ರೋಗಿಯ ಮನೆಗೆ ಹೊರಡುವ ಸಮಯವನ್ನೂ ತಿಳಿಸಲಿ.

ಇಂತಿ,
ಬೈಬಲ್ ಪಾಠ ಹೇಳುವ ಒಬ್ಬ ಓದುಗ
ಮಂಗಳೂರು